ಪೇಟೆಯಿಂದ ಬಂದ ಅಲಂಕಾರ

ಕಂಡಷ್ಟೂ ಇನ್ನೂ ಕಾಣಬೇಕೆನಿಸುವ ಆ ಶ್ರೀಮುಖಕ್ಕೆ ಮೊದಲ ನಮಸ್ಕಾರ. ನಮ್ಮನ್ನು ಕೈಹಿಡಿದು ಅದರ ಕಡೆಗೆ ತಿರುಗಿಸುವ ಗುರುವಿಗೆ ಮತ್ತೊಂದು.

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ವೆಂಕೋಬನೆಂಬ ಶಿಷ್ಯನಿದ್ದ. ಅಲ್ಲಿನ ಗುಡಿಯ ವೇಣುಗೋಪಾಲನಿಗೆ ದಿನವೂ ಅಲಂಕಾರ ಮಾಡುವುದು ಅವನ ಸೇವೆ. ಪರದೆ ಎಳೆದುಕೊಂಡು ಒಳಗೆ ಕೂತನೆಂದರೆ ಹೊರಗಿನ ಪರಿವೆಯೇ ಇರುತ್ತಿರಲಿಲ್ಲ.

ಗೋಕುಲಾಷ್ಟಮಿ ಹತ್ತಿರ ಬಂತು. ವೆಂಕೋಬ ಗುರುಗಳಾದ ನಿರಂಜನ ಯತಿಗಳ ಮುಂದೆ ತಲೆ ತಗ್ಗಿಸಿ ನಿಂತ.

"ಕೈ ಬತ್ತಿಹೋಗಿದೆ ಗುರುಗಳೇ. ನಿನ್ನೆ ಕಟ್ಟಿದ್ದನ್ನೇ ಇವತ್ತೂ ಕಟ್ಟುತ್ತಿದ್ದೇನೆ. ಈ ಸೇವೆ ಬೇರೆ ಯಾರಿಗಾದರೂ ಒಪ್ಪಿಸಿಬಿಡಿ."

"ಪಟ್ಟಣಕ್ಕೆ ಹೋಗಿ ಬರೋಣ ನಡಿ," ಎಂದರು ಗುರುಗಳು. "ಪೇಟೆಯ ಅಂಗಡಿಗಳನ್ನು ನೋಡಿಕೊಂಡು ಬರೋಣ."

"ಅಂಗಡಿಗಳನ್ನೇ? ದೇವರ ಅಲಂಕಾರಕ್ಕೆ?"

"ಚೆಂದವಾಗಿ ಜೋಡಿಸುವವರು ಎಲ್ಲಿದ್ದರೇನು, ನಮಗೆ ಬೇಕಾದವರೇ."

ಹೋದರು.

ಪಾತ್ರೆ ಅಂಗಡಿಯ ಬಾಗಿಲಲ್ಲಿ ಹಿತ್ತಾಳೆ ಚೊಂಬುಗಳು ಗೋಪುರವಾಗಿ ನಿಂತಿದ್ದವು. ಬಳೆ ಅಂಗಡಿಯಲ್ಲಿ ಬಳೆಗಳ ತೋರಣ. ಅದರ ಹಿಂದೆ ದೀಪ. ವೆಂಕೋಬ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಒಂದೊಂದನ್ನೂ ಕಣ್ಣಲ್ಲಿ ತುಂಬಿಕೊಂಡ.

ಗುರುಗಳು ಮಾತ್ರ ರಸ್ತೆಯ ಆಚೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

"ಅಲ್ಲಿಂದೇನು ಕಾಣುತ್ತದೆ ಗುರುಗಳೇ? ಹತ್ತಿರ ಬನ್ನಿ!"

"ಇಲ್ಲಿಂದಲೇ ನೋಡುತ್ತಿದ್ದೇನೆ. ಈ ಪುಣ್ಯಾತ್ಮನೂ ಜೊತೆಗಿದ್ದಾನೆ."

ಪಕ್ಕದಲ್ಲಿ ನಿಂತವನು ಎದುರಿನ ಸೀರೆ ಅಂಗಡಿಯವನು. ಗಾಜಿನೊಳಗೆ ಒಂದು ಸೀರೆ ಇಳಿಬಿಡುವುದು, ರಸ್ತೆ ದಾಟಿ ಓಡಿಬಂದು ನೋಡುವುದು, ಮತ್ತೆ ಒಳಗೆ ಓಡುವುದು, ಹೀಗೇ ನಡೆಸಿದ್ದ.

"ಪಾಪ, ಮರೆವಿನ ಮನುಷ್ಯ," ಎಂದು ನಕ್ಕ ವೆಂಕೋಬ, ಮುಂದಿನ ಅಂಗಡಿಗೆ ನಡೆದ.

ಅಷ್ಟಮಿಯ ದಿನ ಪರದೆ ಸರಿಯಿತು.

ಸ್ವಾಮಿಯ ಮುಂದೆ ಚೊಂಬುಗಳ ಗೋಪುರ. ಮೇಲಿಂದ ಬಳೆಗಳ ತೋರಣ. ಎರಡೂ ಕಡೆ ಝರಿಯಂತೆ ಇಳಿದ ರೇಷ್ಮೆ. ನಡುವೆಲ್ಲ ದೀಪಗಳ ಸಾಲು.

"ಅಬ್ಬಬ್ಬಾ!" ಎಂದರು ಜನ. "ಯಾರಪ್ಪಾ ಮಾಡಿದ್ದು ಇದನ್ನ?"

ವೆಂಕೋಬನ ಕಣ್ಣು ತುಂಬಿಬಂತು.

ಗುರುಗಳು ಗರ್ಭಗುಡಿಯ ಬಾಗಿಲಿಗೆ ಬಂದರು. "ಹೊರಗೆ ಬಾ."

"ಮಂಗಳಾರತಿಗೆ ಹೊತ್ತಾಯಿತು..."

"ಅವನು ಕಾಯುತ್ತಾನೆ. ನೀನು ಬಾ."

ಅಂಗಳ ದಾಟಿಸಿ ಹೊರಬಾಗಿಲ ಕೊನೆಯ ಮೆಟ್ಟಿಲಿಗೆ ಕರೆತಂದರು. ಅಲ್ಲಿ ಮುದುಕಿ ಹಂಪವ್ವ ಕೂತಿದ್ದಳು. ಕಾಲು ಸೋತವಳು. ಅಷ್ಟಮಿಗೆ ಗಾಡಿಯಲ್ಲಿ ಬಂದು, ಮೆಟ್ಟಿಲು ಹತ್ತಲಾರದೆ, ಅಲ್ಲಿಂದಲೇ ದರ್ಶನ ಮಾಡಿ ಹೋಗುವವಳು. ಈಗ ಕೋಲು ಹಿಡಿದು ಏಳಲು ನೋಡುತ್ತಿದ್ದಳು.

"ಏನವ್ವಾ, ಹೊರಟೆಯಾ?"

"ಹೊಂಟೀನ್ರೀ ಅಪ್ಪಾರ. ಬಾಳ ಚಂದ ಐತಿ, ಝಗಝಗ ಅಂತೈತಿ. ಆದ್ರ ನನ್ನ ಸ್ವಾಮಿ ಮಾರಿ ಎಲ್ಲಿ ಐತೋ ಸಿಗವಲ್ದು. ಬರೋ ಅಷ್ಟಮಿಗೆ ನಾ ಇರ್ತೀನೋ ಇಲ್ಲೋ."

ಗುರುಗಳು ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ಅವಳ ಪಕ್ಕದಲ್ಲೇ ಕೂರಿಸಿದರು.

ವೆಂಕೋಬ ನೋಡಿದ. ಬಳೆ ಕಂಡವು. ಚೊಂಬು ಕಂಡವು. ಸ್ವಾಮಿಯ ಮುಖ ಮಾತ್ರ ಕಾಣಲಿಲ್ಲ. ಇಷ್ಟು ವರ್ಷ ಸೇವೆ ಮಾಡಿಯೂ ಆ ಮೆಟ್ಟಿಲ ಮೇಲೆ ಅವನು ಒಮ್ಮೆಯೂ ಕೂತಿರಲಿಲ್ಲ.

"ಒಂದು ಗಳಿಗೆ ಇರವ್ವಾ," ಎಂದವನೇ ಒಳಗೆ ಓಡಿದ. ಚೊಂಬುಗಳನ್ನು ಇಳಿಸಿ ಓಡಿಬಂದ.

"ಕಂಡನೇ?"

"ಇಲ್ಲ ಮಗಾ."

ಮತ್ತೆ ಓಡಿದ. ತೋರಣ ಬಿಚ್ಚಿದ.

"ಈಗ?"

"ಕೊಳಲು ಕಂಡಂಗಾತು ನೋಡು."

ಮತ್ತೆ ಓಡಿದ. ಕಣ್ಣು ಕೋರೈಸುವ ದೀಪಗಳನ್ನೆಲ್ಲ ಆರಿಸಿ ನಂದಾದೀಪವೊಂದನ್ನು ಉಳಿಸಿದ. ರೇಷ್ಮೆಯನ್ನೂ ಸರಿಸಿದ. ಜನ ಮುಖ ಮುಖ ನೋಡಿಕೊಂಡರು.

ಈ ಸಲ ಅವನು ಗುರುಗಳ ಮುಂದೆ ಏದುಸಿರು ಬಿಡುತ್ತ ನಿಂತ.

"ಎಲ್ಲ ತೆಗೆದೆ ಗುರುಗಳೇ. ಒಂದು ತುಳಸಿಮಾಲೆ ಬಿಟ್ಟರೆ ಏನೂ ಇಲ್ಲ. ಹಬ್ಬದ ದಿನ ಅವನನ್ನು ಬರಿದಾಗಿ ನಿಲ್ಲಿಸಿಬಿಟ್ಟೆನಲ್ಲ! ನನ್ನ ಅಲಂಕಾರ ಎಲ್ಲಿ ಉಳಿಯಿತು?"

ಗುರುಗಳು ಮೆಟ್ಟಿಲ ಕಡೆ ತಿರುಗಿದರು. ಹಂಪವ್ವನ ಕೋಲು ನೆಲದ ಮೇಲೆ ಬಿದ್ದಿತ್ತು. ಎರಡೂ ಕೈ ಮುಗಿದು ಹಣೆಗೆ ಏರಿದ್ದವು.

"ಅಲ್ಲಿ ನೋಡು ವೆಂಕೋಬ," ಎಂದರು ಮೆಲ್ಲಗೆ. "ಇವತ್ತಿನ ಅಲಂಕಾರ ಅಲ್ಲಿದೆ."

ಕೇಳಿದ ನಿಮಗೆಲ್ಲರಿಗೂ, ಕೂತ ಜಾಗದಿಂದಲೇ ಅವನು ಕಾಣಲಿ.