ಅಂಗೈಗೆ ತಿಳಿಯದ ಲಿಂಗ

ಹೊಂಡದಕಟ್ಟಿಯ ವಿರಕ್ತಮಠವೆಂದರೆ ಆಗ ಹೆಸರಿಗಷ್ಟೇ ಮಠ. ಮಣ್ಣಿನ ಮಾಳಿಗೆ, ಒಂದು ಬೇವಿನ ಮರ, ಸಗಣಿ ಸಾರಿಸಿದ ಅಂಗಳ; ಇಷ್ಟೇ ಅಲ್ಲಿಯ ಐಶ್ವರ್ಯ. ಪೂಜ್ಯ ನಿರ್ವಾಣ ಶಿವಯೋಗಿಗಳು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ದಾಸೋಹದ ಜೋಳ ಹಸನು ಮಾಡುತ್ತಲೋ ದನಗಳ ಮೈ ತಿಕ್ಕುತ್ತಲೋ ಇರುತ್ತಿದ್ದರು. ಬಂದವರ ಮಾತನ್ನು ಕೊನೆಯವರೆಗೆ ಕೇಳಿ, ತಾವು ಒಂದೋ ಎರಡೋ ಮಾತು ಆಡುತ್ತಿದ್ದರು. ಆ ಮಾತಿಗಾಗಿಯೇ ಜನ ದೂರದಿಂದ ಬರುತ್ತಿದ್ದರು.

ಗುರುಸಿದ್ಧಪ್ಪ ಮಾತ್ರ ಅಂಥ ಭಕ್ತನಲ್ಲ. ಹೆಂಡತಿ ದ್ರಾಕ್ಷಾಯಣಿಯ ಒತ್ತಾಯಕ್ಕೆ ಬಂದಿದ್ದ. ಸುಟ್ಟ ಪಂಪುಮೋಟರುಗಳನ್ನು ಬಿಚ್ಚಿ ರಿಪೇರಿ ಮಾಡುವ ಕಸುಬು ಅವನದು. ಬಿಚ್ಚಿ ನೋಡಿದರೆ ಕೆಟ್ಟದ್ದು ಕಂಡೇ ಕಾಣುತ್ತದೆ, ಕಾಣದಿದ್ದರೆ ಕೆಟ್ಟೇ ಇಲ್ಲ ಎಂದು ಅವನು ನಂಬಿದ್ದ. ಮೋಟರಿಗೆ ಸರಿಯಾದ ಈ ನಂಬಿಕೆಯನ್ನು ಪುಣ್ಯಾತ್ಮ ಹೆಂಡತಿಯ ಮೈಗೂ ಹಚ್ಚಿಬಿಟ್ಟಿದ್ದ.

ಆಕೆಯ ಎಡಗೈ ಬೆರಳ ತುದಿಯಲ್ಲಿ ಮೊದಲು ಜುಮುಜುಮು ಶುರುವಾಯಿತು. ಇರುವೆ ಹರಿದಂತೆ ಅಂಗೈಗೆ ಇಳಿಯಿತು. ಆಮೇಲೆ ಹಿಡಿದ ಜೋಮು ಬಿಡಲೇ ಇಲ್ಲ. ರೊಟ್ಟಿ ಬೇಯಿಸುವಾಗ ಬೆರಳು ಹಂಚಿಗೆ ತಗುಲಿದ್ದು ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು. ಸಕ್ಕರೆ ಕಾಯಿಲೆ ಇರಬಹುದೆಂದರು, ಇರಲಿಲ್ಲ. ಕುತ್ತಿಗೆಯ ಎಲುಬು ನೋಡಿದರು, ನರಗಳಿಗೆ ಕರೆಂಟು ಹಾಯಿಸಿ ನೋಡಿದರು, ಹುಬ್ಬಳ್ಳಿಗೆ ಹೋಗಿ ತಲೆಯ ಸ್ಕ್ಯಾನನ್ನೂ ಮಾಡಿಸಿದರು. ಎಲ್ಲ ಕಡೆಯೂ ನಾರ್ಮಲ್ ಎಂಬ ಒಂದೇ ಉತ್ತರ. ಅದನ್ನು ಕೇಳಿದಾಗಲೆಲ್ಲ ಗಂಡನ ಮುಖ ಅರಳುತ್ತಿತ್ತು, ಹೆಂಡತಿಯದು ಬಾಡುತ್ತಿತ್ತು.

“ಏನೂ ಇಲ್ಲಂತ ಅಷ್ಟು ಮಂದಿ ಡಾಕ್ಟರ್ ಹೇಳ್ಯಾರ. ನೀ ಒಬ್ಬಾಕೀನ ಐತಿ ಅಂತೀಯಲ್ಲ?” ಎಂದು ಅವನು ರೇಗುತ್ತಿದ್ದ. ಬರಬರುತ್ತ ಆಕೆ ಹೇಳುವುದನ್ನೇ ಬಿಟ್ಟಳು.

ಆದರೆ ಶಿವಯೋಗಿಗಳ ಮುಂದೆ ಕುಳಿತಾಗ ತಡೆಯಲಾಗಲಿಲ್ಲ. ಹುಟ್ಟಿದಾಗ ಗುರುಗಳು ಕಟ್ಟಿದ ಇಷ್ಟಲಿಂಗವನ್ನು ದಿನವೂ ಎಡಗೈಯಲ್ಲಿಟ್ಟು ಪೂಜಿಸದೆ ಆಕೆ ಹನಿ ನೀರು ಕುಡಿದವಳಲ್ಲ. ಲಿಂಗ ಕೆಳಗೆ ಬೀಳುವುದೆಂದರೆ ಜೀವ ಹೋದಷ್ಟೇ ಭಯ.

“ಅಜ್ಜಾರ, ಲಿಂಗ ಅಂಗೈಯಾಗ ಐತೋ ಇಲ್ಲೋ ನನಗ ತಿಳೀವಲ್ದು. ಶಿವಗ ನಾ ಬ್ಯಾಡಾದ್ನೇನ್ರಿ?” ಎಂದು ಅತ್ತಳು.

“ಏನಿಲ್ರಿ ಅಜ್ಜಾರ, ಟೆಸ್ಟ್ ಎಲ್ಲಾ ಚೊಲೋ ಬಂದಾವು. ಸುಮ್ನ ಮನಸಿಗೆ ಹಚ್ಕೊಂಡಾಳ,” ಎಂದ ಗುರುಸಿದ್ಧಪ್ಪ.

ಪೂಜ್ಯರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಬದಿಗಿಟ್ಟರು. “ಪೂಜಾಕ್ಕ ಕುಂಡ್ರು, ಯವ್ವಾ,” ಎಂದು ಆಕೆಗೆ ಅಪ್ಪಣೆ ಕೊಡಿಸಿದರು. ಗಂಡನತ್ತ ತಿರುಗಿ, “ನೀ ಈಕೀನ ನೋಡ್ಕೋಂತ ಕುಂಡ್ರಪಾ,” ಎಂದರು. ಅವರಿಗೇನು ಕಂಡಿತ್ತೋ, ನಾವು ಬಲ್ಲವರಲ್ಲ.

ಅಂದು ಸೋಮವಾರ. ಮಾಳಿಗೆಯೊಳಗೆ ಭಕ್ತರೆಲ್ಲ ಸಾಲಾಗಿ ಕುಳಿತು, ಲಿಂಗಕ್ಕೆ ವಿಭೂತಿ, ಪತ್ರಿ ಏರಿಸಿ, ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸತೊಡಗಿದರು. ಗುರುಸಿದ್ಧಪ್ಪ ಬೇಸರದಿಂದಲೇ ಹೆಂಡತಿಯನ್ನು ನೋಡುತ್ತಿದ್ದ. ಆಕೆಯ ಅಂಗೈ ತುಸು ವಾಲಿತು. ಲಿಂಗ ಜಾರಿ, ಸೀರೆಯ ನೆರಿಗೆಯ ಮೇಲೆ ಉರುಳಿ, ಚಾಪೆಗೆ ಇಳಿಯಿತು. ದ್ರಾಕ್ಷಾಯಣಿಗೆ ತಿಳಿಯಲಿಲ್ಲ. ತುಟಿಗಳು ಜಪಿಸುತ್ತಲೇ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ಏನೋ ಅನುಮಾನ ಬಂದವಳಂತೆ, ಲಿಂಗ ಬೀಳದಿರಲೆಂದು, ಆ ಬರಿಗೈಯನ್ನು ಮೆಲ್ಲಗೆ ಸಮ ಮಾಡಿಕೊಂಡಳು.

ಗುರುಸಿದ್ಧಪ್ಪ ಚಾಪೆಯ ಮೇಲಿನ ಲಿಂಗವನ್ನೂ ಆ ಬರಿಗೈಯನ್ನೂ ಮತ್ತೆ ಮತ್ತೆ ನೋಡಿದ. ನಾಟಕ ಮಾಡುವವರು ಯಾರಾದರೂ ನೋಡಲೆಂದು ಮಾಡುತ್ತಾರೆ. ಇಲ್ಲಿ ಎಲ್ಲರ ಕಣ್ಣೂ ಮುಚ್ಚಿದ್ದವು. ಸುಟ್ಟ ಬೆರಳು ನೆನಪಾಯಿತು, ತಾನು ರೇಗಿದ್ದೆಲ್ಲ ನೆನಪಾಯಿತು.

ಶಿವಯೋಗಿಗಳು ಎದ್ದು ಬಂದರು. ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡು, ಆಕೆಯ ಕೈಯ ಕೆಳಗೆ ತಮ್ಮ ಕೈಯಿಟ್ಟು, ಲಿಂಗವನ್ನು ಅದರ ಜಾಗಕ್ಕೆ ದಯಮಾಡಿಸಿದರು. ಕಣ್ಣು ತೆರೆದ ದ್ರಾಕ್ಷಾಯಣಿ ಗುರುವಿನ ಕೈ ಕಂಡಳು.

“ಬಿದ್ದಿತ್ತೇನ್ರಿ, ಅಜ್ಜಾರ?”

“ಬಿದ್ದಿತ್ತು, ಯವ್ವಾ. ನಿನ್ನ ಪೂಜಾ ನಿಂತಿರಲಿಲ್ಲ.”

ಆಮೇಲೆ ಗುರುಸಿದ್ಧಪ್ಪನನ್ನು ಹತ್ತಿರ ಕರೆದು, ತಮ್ಮ ಕೈಯನ್ನು ಹಿಂದೆಗೆದು ಅಲ್ಲಿ ಅವನ ಕೈ ಇಡಿಸಿದರು. “ಈಕಿ ಬ್ಯಾನಿ ಖರೇ ಐತಿ. ಡಾಕ್ಟರು ಹುಡುಕಲಿ, ನೀವೂ ದವಾಖಾನಿ ಬಿಡಬ್ಯಾಡ್ರಿ. ಅಲ್ಲೀತನಕ ಈ ಕೈ ತಗೀಬ್ಯಾಡ.”

ಖರೇ ಐತಿ. ಇಷ್ಟು ದಿನ ಯಾರೂ ಆಡದಿದ್ದ ಆ ಮಾತಿಗೆ ದ್ರಾಕ್ಷಾಯಣಿ ಬಿಕ್ಕಿ ಬಿಕ್ಕಿ ಅತ್ತಳು. ಗುರುಸಿದ್ಧಪ್ಪನ ಕಣ್ಣೀರು ಆಕೆಯ ಬೆರಳುಗಳ ಮೇಲೆ ಬಿತ್ತು. ಅದೂ ಆಕೆಗೆ ತಿಳಿಯಲಿಲ್ಲ.

ಬೇನೆ ವಾಸಿಯಾಯಿತೆಂದು ಬರೆಯುವ ಭಾಗ್ಯ ನಮಗಿಲ್ಲ. ಪೂಜ್ಯರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು, ಬೇನೆಗೆ ಇನ್ನೂ ಹೆಸರು ಸಿಕ್ಕಿಲ್ಲ. ಈಗ ಅದು ಪಾದಗಳಿಗೂ ಇಳಿದಿದೆ. ಹೊಸ ಡಾಕ್ಟರರ ಮುಂದೆ ಕುಳಿತಾಗಲೆಲ್ಲ ಗುರುಸಿದ್ಧಪ್ಪನೇ ಮೊದಲು, “ಈಕಿ ಸುಳ್ಳ ಹೇಳಾಕಿ ಅಲ್ರಿ, ಇನ್ನೊಮ್ಮೆ ನೋಡ್ರಿ,” ಎಂದು ಕೈ ಮುಗಿಯುತ್ತಾನೆ.

ಮೋಟರಿನ ಅಂಗಡಿ ಬಾಗಿಲು ಈಗ ತಡವಾಗಿ ತೆರೆಯುತ್ತದೆ. ಬೆಳಗಿನ ಹೊತ್ತು ಅವನು ಹೆಂಡತಿಯ ಅಂಗೈಯ ಕೆಳಗೆ ತನ್ನ ಅಂಗೈಯಿಟ್ಟು ಕೂತಿರುತ್ತಾನೆ. ಆಕೆ ಕಣ್ಣು ಮುಚ್ಚಿ, ಜಪದ ನಡುವೆ ಮೆಲ್ಲಗೆ ಕೇಳುತ್ತಾಳೆ: “ಐತೇನ್ರಿ?”

“ಐತಿ,” ಎನ್ನುತ್ತಾನೆ ಗುರುಸಿದ್ಧಪ್ಪ.