ಗಾಳದ ದಾರ

“ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?”

ಕೇಳಿದವನು ತಾರಾನಾಥ. ಹಿಂದಿನ ದಿನವಷ್ಟೇ ಅವನು ಸಭೆಯೊಂದರಲ್ಲಿ ಯುಕುಲೇಲಿ ನುಡಿಸಿ ಬಂದಿದ್ದ. ಮಗುವಿನ ಕೈಗೂ ಹಿಡಿಸುವಂಥ, ನಾಲ್ಕು ತಂತಿಯ ಪುಟ್ಟ ವಾದ್ಯ ಅದು. ಎಷ್ಟೋ ತಿಂಗಳಿಂದ ಅವನು ಅದಕ್ಕೆ ಬಗೆಬಗೆಯ ತಂತಿ ಕಟ್ಟುವುದು, ಬಿಚ್ಚುವುದು ಮಾಡುತ್ತಿದ್ದ. ಅವನು ಒಂದೊಂದನ್ನು ಮೀಟಿದಾಗಲೂ ಅಕ್ಕ ವಾರಿಜಾ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಟ್ಟು, “ಇದಲ್ಲ ಮಾರಾಯ, ಬೇರೆ ಹಾಕು” ಎನ್ನುತ್ತಿದ್ದಳು. ಕೊನೆಗೆ ಒಂದು ದಿನ “ಹಾಂ, ಇದು” ಎಂದವಳೂ ಅವಳೇ. ಆ ತಂತಿಯಲ್ಲೇ ಅವನು ಸಭೆಯನ್ನು ಗೆದ್ದ. ಇಷ್ಟು ಒಳ್ಳೆಯ ನಾದ ಎಲ್ಲಿಂದ ಹುಡುಕಿ ತಂದೆಯಪ್ಪಾ ಎಂದು ದೊಡ್ಡವರು ಕೇಳಿದಾಗ, “ನಾನೇ ಹುಡುಕಿಕೊಂಡೆ” ಎಂದಿದ್ದ. ಚಪ್ಪಾಳೆ ಇನ್ನೂ ಜೋರಾಗಿತ್ತು.

ಗುರುಗಳು ಅವನ ಮುಖ ನೋಡಿದರು. “ನಿದ್ದೆ ಬರಲಿಲ್ಲವೇ?”

“ಬರಲಿಲ್ಲ. ಖುಷಿಯೂ ಇದೆ, ಒಳಗೆ ಏನೋ ಚುಚ್ಚುತ್ತಲೂ ಇದೆ. ಹೆಮ್ಮೆ ಅತಿಯಾಯಿತೇನೋ ಅನ್ನಿಸಿತು.”

“ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಸಮುದ್ರದ ಪಕ್ಕದ ಊರೊಂದರಲ್ಲಿ ಒಬ್ಬ ವಾದಕನಿದ್ದ. ಅವನದೂ ಯುಕುಲೇಲಿಯೇ. ಊರಿನ ವಿದ್ವಾಂಸರು ಅದನ್ನು ವಾದ್ಯವೆಂದೇ ಒಪ್ಪಿರಲಿಲ್ಲ. ಆಟದ ಸಾಮಾನು ಎನ್ನುತ್ತಿದ್ದರು. ಆ ಊರಲ್ಲಿ ವರ್ಷಕ್ಕೊಮ್ಮೆ ದೊಡ್ಡ ಸಭೆ ಸೇರುತ್ತಿತ್ತು. ವೇದಿಕೆಯ ಮೇಲೆ ಒಂದು ಜಮಖಾನೆ. ಯಾರ ನುಡಿಸಾಣಿಕೆ ಮೆಚ್ಚುಗೆಯಾಯಿತೋ ಅವರಿಗೆ ವಿದ್ವಾಂಸರು ತುಸು ಸರಿದು ಜಾಗ ಕೊಡುತ್ತಿದ್ದರು. ಒಮ್ಮೆ ಅಲ್ಲಿ ಕೂತವನು ಸಾಯುವವರೆಗೂ ವಿದ್ವಾಂಸ. ವಾದಕನಿಗೆ ಬದುಕಿನಲ್ಲಿ ಬೇಕಾಗಿದ್ದುದು ಆ ಜಮಖಾನೆಯ ಒಂದು ಮೂಲೆ, ಅಷ್ಟೇ.

ಬೆರಳು ಅವನ ಮಾತು ಕೇಳುತ್ತಿತ್ತು, ನಾದ ಕೇಳುತ್ತಿರಲಿಲ್ಲ. ವಾದ್ಯದ ಜೊತೆಗೆ ಬಂದಿದ್ದ ತಂತಿ ಚೆಂಬಿನೊಳಗಿನಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ಅದನ್ನು ಬಿಚ್ಚಿ ರೇಷ್ಮೆಯದು ಕಟ್ಟಿದ. ನಾದ ಇನಿದಾಗಿತ್ತು, ಆದರೆ ಪಕ್ಕದಲ್ಲಿ ಕೂತವನಿಗೆ ಮಾತ್ರ ಕೇಳಿಸುತ್ತಿತ್ತು. ಕರುಳಿನ ತಂತಿ ಕಟ್ಟಿದ. ಕಡಲಗಾಳಿಯ ತೇವಕ್ಕೆ ಅದು ಜೋಲು ಬಿತ್ತು, ಹಾಡು ಮುಗಿಯುವುದರೊಳಗೆ ಶ್ರುತಿ ಎಲ್ಲೋ ಹೋಗಿರುತ್ತಿತ್ತು. ಕೊನೆಗೆ ಉಕ್ಕಿನ ತಂತಿ ಕಟ್ಟಿದ. ಆಹಾ, ಏನು ಗರ್ಜನೆ! ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ವಾದಕ ಒಂದು ವಾರ ನೆಲದ ಮೇಲೆ ನಡೆಯಲೇ ಇಲ್ಲ.

ಆದರೆ ಆ ವಾದ್ಯದ ಹೊಟ್ಟೆ ತೆಳು ಹಲಗೆಯದು. ಹಗುರ ತಂತಿಯ ಸೆಳೆತವನ್ನಷ್ಟೇ ತಡೆಯಲು ಮಾಡಿದ್ದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ತಂತಿಯನ್ನು ಹೊತ್ತು ನಿಲ್ಲುವ ಮರದ ಕುದುರೆ ಬುಡಸಮೇತ ಕಿತ್ತು ಬಂದಿತ್ತು, ಹಲಗೆಯ ಸಿಪ್ಪೆಯೂ ಜೊತೆಗೇ ಎದ್ದಿತ್ತು. ವಾದಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಸರಿಯೆನಿಸುವಷ್ಟು ಅತ್ತಾದ ಮೇಲೆ ಅಂಟು ಹಚ್ಚಿ, ಬಟ್ಟೆ ಸುತ್ತಿ ಬಿಗಿದು ಕಟ್ಟಿಟ್ಟ. ಬೆರಳಿನಲ್ಲಿ ಇಲ್ಲದ್ದನ್ನು ಅಂಗಡಿಯಲ್ಲಿ ಹುಡುಕುತ್ತಿದ್ದಾನೆ ಎಂದು ಊರು ನಕ್ಕಿತು. ನಗುವವರಿಗೇನು, ಬಾಯಿ ಅವರದೇ.

ಅಂಟು ಒಣಗುವವರೆಗೆ ಮಾಡಲು ಕೆಲಸವಿಲ್ಲದೆ ಅವನು ಅಳಿವೆಯ ಕಡೆ ಹೋದ. ಅಲ್ಲಿ ಒಬ್ಬ ಮೀನುಗಾರ ಗಾಳದ ದಾರ ಪರೀಕ್ಷಿಸುತ್ತ ಕೂತಿದ್ದ. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತುವುದು, ಇನ್ನೊಂದನ್ನು ಕೈಯಲ್ಲಿ ಬಿಗಿಯಾಗಿ ಎಳೆಯುವುದು, ನಡುವೆ ಒಮ್ಮೆ ಮೀಟಿ ಕಿವಿಗೊಡುವುದು. ಎಲ್ಲಾದರೂ ಸವೆದ ದಾರ ಒಡಕಾಗಿ ಕೂಗುತ್ತಿತ್ತು, ಅದನ್ನು ಬಿಸಾಡುತ್ತಿದ್ದ. ಗಟ್ಟಿ ದಾರ ಹಾಡುತ್ತಿತ್ತು, ಅದನ್ನು ಬುಟ್ಟಿಗೆ ಹಾಕುತ್ತಿದ್ದ. ವಾದಕ ನಿಂತಲ್ಲೇ ನಿಂತ. ತಾನು ಇಷ್ಟು ದಿನ ಹುಡುಕಿದ ನಾದ ಒಬ್ಬನ ಕಾಲ್ಬೆರಳಿನಲ್ಲಿತ್ತು.

“ಈ ದಾರ ನನಗೆ ಸ್ವಲ್ಪ ಕೊಡುತ್ತೀಯಾ?”

“ನಿಮಗೆ ಎಂತಕ್ಕೆ ಮಾರಾಯ್ರೇ? ಮೀನು ಹಿಡಿಯಲಿಕ್ಕುಂಟಾ?”

ವಾದಕ ಸಂಗತಿ ಹೇಳಿದ. ಮೀನುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಅವನ ಮುಖವೇ ಬದಲಾಯಿತು. ಬುಟ್ಟಿಯನ್ನೆಲ್ಲ ಸುರಿದು, ಸಣ್ಣ ಮೀನಿನ ತೆಳು ದಾರ, ದೊಡ್ಡ ಮೀನಿನ ದಪ್ಪ ದಾರ ಎಂದು ಒಂದೊಂದನ್ನೇ ಕಾಲಿಗೆ ಸುತ್ತಿ, ಮೀಟಿ, ನಾಲ್ಕನ್ನು ಆರಿಸಿಕೊಟ್ಟ.

“ಹಣ ಎಲ್ಲ ಬೇಡ. ಆದರೆ ಯಾರಾದರೂ ಕೇಳಿದರೆ ನನ್ನ ದಾರ ಅಂತ ಹೇಳಬೇಕು. ಹೇಳ್ತೀರಾ?”

“ಹೇಳುತ್ತೇನೆ” ಎಂದ ವಾದಕ. ಆಗ ಅದು ಬಹಳ ಸುಲಭದ ಮಾತಾಗಿತ್ತು.

ಹೊಸ ದಾರ ಮೊದಮೊದಲು ಹಟ ಮಾಡಿತು. ಬಿರಡೆ ತಿರುಗಿಸಿ ಶ್ರುತಿ ಕೂಡಿಸಿದರೆ ಮತ್ತೆ ಹಿಗ್ಗಿ ಸಡಿಲವಾಗುತ್ತಿತ್ತು. ವಾದಕ ಬಿಡಲಿಲ್ಲ. ನುಡಿಸಿ ನುಡಿಸಿ ಅದನ್ನು ಪಳಗಿಸಿದ. ಪಳಗಿದ ಮೇಲೆ ಅದು ತೆಳು ಹಲಗೆಗೆ ಭಾರವಾಗಲಿಲ್ಲ, ಕಡಲಗಾಳಿಗೆ ಬಗ್ಗಲಿಲ್ಲ. ಅದು ಹುಟ್ಟಿದ್ದೇ ನೀರಿಗಾಗಿ, ತೇವಕ್ಕೆ ಹೆದರೀತೇ?

ಸಭೆಯ ದಿನ ಬಂತು. ಬೇಡಿಕೊಂಡದ್ದಕ್ಕೆ ಅವನಿಗೆ ಕೊನೆಯಲ್ಲಿ ಸ್ವಲ್ಪ ಹೊತ್ತು ಕೊಟ್ಟರು. ವೇದಿಕೆಯ ಕೆಳಗೆ ಕೂತೇ ನುಡಿಸಿದ. ಮೊದಲ ಮೀಟಿಗೆ ಪಿಸುಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಬೀಸಣಿಗೆಗಳೂ ನಿಂತವು. ಮುಗಿಸಿದಾಗ ಹಿರಿಯ ವಿದ್ವಾಂಸರು ಜಮಖಾನೆಯ ಮೇಲೆ ತುಸು ಸರಿದರು. ಒಂದು ಮೂಲೆ ಖಾಲಿಯಾಯಿತು. ವಾದಕ ಅದನ್ನು ನೋಡಿದ.

“ಬಾರಪ್ಪಾ. ಅಂದ ಹಾಗೆ, ಇದು ಯಾವ ದೇಶದ ತಂತಿ?” ಎಂದರು ಹಿರಿಯರು.

ಯಾವ ದೇಶದ ಹೆಸರು ಹೇಳಿದ್ದರೂ ನಡೆಯುತ್ತಿತ್ತು. ಒಂದು ಹೆಸರು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಕಡೆ ಹೋಯಿತು. ಮೀನುಗಾರ ಒಗೆದ ಅಂಗಿ ತೊಟ್ಟು ಬಂದು, ಒಳಗೆ ಬರಲು ಸಂಕೋಚಪಟ್ಟು, ಹೊಸ್ತಿಲಾಚೆ ನಿಂತಿದ್ದ.

“ಗಾಳದ ದಾರ, ಸ್ವಾಮಿ” ಎಂದ ವಾದಕ. “ನಮ್ಮ ಅಳಿವೆಯ ಮೀನುಗಾರ ಆರಿಸಿ ಕೊಟ್ಟದ್ದು. ಅಗೋ, ಬಾಗಿಲಲ್ಲಿ ನಿಂತಿದ್ದಾನೆ.”

ಸಭೆ ಘೊಳ್ಳೆಂದು ನಕ್ಕಿತು. ಹಿರಿಯರು ಖಾಲಿ ಮಾಡಿದ್ದ ಮೂಲೆಗೇ ಮತ್ತೆ ಸರಿದು ಕೂತರು. “ಗಾಳದ ದಾರವೇ? ಮೀನು ಏನಾದರೂ ಸಿಕ್ಕಿತೋ?”

“ಸಿಕ್ಕಿತ್ತು, ಸ್ವಾಮಿ. ಈಗಷ್ಟೇ ತಪ್ಪಿಸಿಕೊಂಡಿರಿ.”

ವಾದಕ ಕೈಮುಗಿದು ಹೊರಗೆ ಬಂದ. ಮೀನುಗಾರ ಅವನ ಕೈಯಿಂದ ಯುಕುಲೇಲಿಯನ್ನು ತಾನೇ ತೆಗೆದುಕೊಂಡ. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಪೇಟೆಯ ನಡುವೆ ನಡೆದ. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ, “ಇದರಲ್ಲಿ ಹಾಡುವುದು ನನ್ನ ದಾರ, ಗೊತ್ತುಂಟಾ?” ಎನ್ನುತ್ತಿದ್ದ. ಹಿಂದೆ ಬರುತ್ತಿದ್ದ ವಾದಕನನ್ನು ತೋರಿಸಿ, “ಸಭೆಯಲ್ಲಿ ಇವರೇ ಹೇಳಿದ್ದು, ಎಲ್ಲರ ಎದುರಿಗೆ!” ಎನ್ನುತ್ತಿದ್ದ. ವಾದಕ ಎದೆಯುಬ್ಬಿಸಿ ನಡೆದ. ಅಷ್ಟು ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ತಾರಾನಾಥ ಕೇಳಿದ, “ಜಮಖಾನೆಯ ಮೇಲೆ ಅವನಿಗೆ ಜಾಗ ಸಿಗಲಿಲ್ಲವೇ?”

“ಸಿಗಲಿಲ್ಲ.”

“ಆಮೇಲೆ?”

“ಆಮೇಲೂ ಸಿಗಲಿಲ್ಲ. ಮೀನುಗಾರನ ದೋಣಿಯಲ್ಲಿ ಕೂತು ನುಡಿಸುತ್ತಿದ್ದನಂತೆ. ಮೀನು ಓಡಿಹೋಗುತ್ತದೆ ಎಂದು ಅವನು ಬೈಯುತ್ತಿದ್ದನಂತೆ.”

ತಾರಾನಾಥನಿಗೆ ನಗು ಬಂತು. ರಾತ್ರಿಯಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಯುಕುಲೇಲಿಯನ್ನು ತೊಡೆಗೆಳೆದುಕೊಂಡು ಒಮ್ಮೆ ಮೀಟಿದ. ನಾದ ನಿನ್ನೆಯಷ್ಟೇ ಚೆನ್ನಾಗಿತ್ತು.

“ಹಾಗಾದರೆ ಹೆಮ್ಮೆ ಪಡುವುದು ತಪ್ಪಲ್ಲ, ಅಲ್ಲವೇ ಗುರುಗಳೇ?”

ಗುರುಗಳು ಆ ನಾದ ಪೂರ್ತಿ ಆರುವವರೆಗೆ ಕಿವಿಗೊಟ್ಟು ಕೇಳಿದರು. ಆಮೇಲೆ ಹೇಳಿದರು:

“ನಿನ್ನೆ ಕೊನೆಯ ಸಾಲಿನಲ್ಲಿ ನಿನ್ನ ಅಕ್ಕ ಕೂತಿದ್ದಳು.”