ಕೆಳದವಡೆಯ ಸರದಿ

ಒಂದಾನೊಂದು ಊರಿನಲ್ಲಿ, ಹೂಂಗುಟ್ಟುತ್ತಾ ಕೇಳಿ, ಗುಡ್ಡಪ್ಪ ಅಂತ ಒಬ್ಬ ಮೂಳೆ ಕಟ್ಟುವವನಿದ್ದ. ಯಾವ ಮೂಳೆ ಮುಟ್ಟುವ ಮೊದಲೂ ಆ ಮೂಳೆಯನ್ನೇ ವಿಚಾರಿಸುವುದು ಅವನ ಮನೆತನದ ಪದ್ಧತಿ. "ಏನಾಯ್ತಪ್ಪಾ?" ಅನ್ನುತ್ತಿದ್ದ. ಮೂಳೆಗಳು ಮರ್ಯಾದೆಯಿಂದ ಸುಮ್ಮನಿರುತ್ತಿದ್ದವು.

ಅವನ ಹೆಂಡತಿ ಕೆಂಚವ್ವ ಮಾತಿನ ಮಲ್ಲಿ. ಅವಳ ಮಾತು ಕಿವಿಗೆ ಬೀಳದಿದ್ದರೆ ಗುಡ್ಡಪ್ಪನಿಗೆ ಪಟ್ಟಿ ಕಟ್ಟಲು ಕೈಯೇ ಓಡುತ್ತಿರಲಿಲ್ಲ. ಒಂದು ದಿನ ಅವಳು ಆಕಳಿಸಿದಳು, ಕೆಳದವಡೆ ಜಾರಿತು. ಗುಡ್ಡಪ್ಪ ಪದ್ಧತಿ ಬಿಡದೆ ಕೇಳಿದ.

ದವಡೆ ಉತ್ತರ ಕೊಟ್ಟೇಬಿಟ್ಟಿತು. "ಏನಾಯ್ತು ಅಂತೀಯಾ? ಈ ತಲೆಯಲ್ಲಿ ನಾವು ಇಪ್ಪತ್ತೆರಡು ಮೂಳೆ. ಬುರುಡೆಗೆ ಎಂಟು, ಮುಖಕ್ಕೆ ಹದಿನಾಲ್ಕು. ಇಪ್ಪತ್ತೊಂದು ಅಂಟಿಕೊಂಡು ಕೂತಿವೆ. ಅಲ್ಲಾಡೋದು ನಾನೊಂದೇ. ಅಗಿಯೋದೂ ನಾನೇ, ಇವಳ ಮಾತಿಗೆ ಕುಣಿಯೋದೂ ನಾನೇ. ನ್ಯಾಯ ಕೊಡಿಸು, ಆಮೇಲೆ ಜಾಗಕ್ಕೆ ಕೂರ್ತೀನಿ."

ಹೇಳುವುದು ಸರಿಯೇ ಅನ್ನಿಸಿತು. ಗುಡ್ಡಪ್ಪ ಹೆಂಡತಿಯನ್ನು ಅರಮನೆಗೆ ಕರೆದೊಯ್ದ. ಅಲ್ಲಿಯ ರಾಜನಿಗೆ ಸಮಪಾಲಿನ ಹುಚ್ಚು. ಎಡಮೀಸೆ ಬಲಮೀಸೆ ದಿನವೂ ತೂಗಿಸುವವನು. ನಿಂತ ನಿಲುವಿನಲ್ಲೇ ಅಪ್ಪಣೆ ಕೊಟ್ಟ. "ಇನ್ನು ಮೇಲೆ ನಮ್ಮ ರಾಜ್ಯದ ಪ್ರತಿ ತಲೆಯಲ್ಲೂ ದಿನಕ್ಕೊಂದು ಮೂಳೆ ದುಡಿಯಲಿ. ಮೊದಲು ಹಣೆ, ಕೊನೆಗೆ ಕೆಳದವಡೆ."

ಕೆಂಚವ್ವನ ದವಡೆ ಟಕ್ಕನೆ ಜಾಗಕ್ಕೆ ಕೂತು ಮುಚ್ಚಿಕೊಂಡಿತು. ರಾಜನದೂ ಮುಚ್ಚಿಕೊಂಡಿತು.

ಹಣೆಯ ಮೂಳೆಯ ದಿನ ಊರವರ ಹಣೆ ಏರಿಳಿಯಿತು, ಕೆಲಸ ಏನೂ ಆಗಲಿಲ್ಲ. ಕೆನ್ನೆಯ ಮೂಳೆಗಳ ದಿನಗಳಲ್ಲಿ ಕೆನ್ನೆಗಳು ಲಟಲಟ ಅಂದವು. ಕಣ್ಣಂಚಿನಲ್ಲಿ ಉಗುರಿನಷ್ಟು ಚಿಕ್ಕ ಮೂಳೆ ಎರಡಿವೆ. ಅವುಗಳ ಎರಡು ದಿನ ಊರೆಲ್ಲ ಕಾರಣವಿಲ್ಲದೆ ಅತ್ತಿತು. ಗುಡ್ಡಪ್ಪನಿಗೆ ಮಾತ್ರ ಕಾರಣವಿತ್ತು. ಜನ ಹಲ್ಲುಸಂದಿಯಲ್ಲಿ ಗಂಜಿ ಹೀರಿ ಜೀವ ಹಿಡಿದುಕೊಂಡರು.

ಇಪ್ಪತ್ತೆರಡನೆಯ ದಿನ ದವಡೆಯ ಸರದಿ. ಕೆಂಚವ್ವ ಚಾಪೆ ತಟ್ಟಿ, "ಕೂತ್ಕೊಳ್ರೀ, ಹೇಳೋದು ಬಹಳ ಇದೆ" ಅಂದಳು.

"ಮೊದಲು ಅಪ್ಪಣೆ ರದ್ದು ಮಾಡಿಸಿಕೊಂಡು ಬರ್ತೀನಿ ಕಣೇ. ಆಮೇಲೆ ಜನ್ಮವಿಡೀ ಹೇಳು. ಈಗ ಊಟ ಮಾಡು" ಅಂದು ಗುಡ್ಡಪ್ಪ ಓಡಿದ.

ರಾಜಾಜ್ಞೆ ರಾಜನ ಬಾಯಿಂದಲೇ ರದ್ದಾಗಬೇಕು. ರಾಜನ ಬಾಯಿ ತುಂಬ ಹೋಳಿಗೆ. ಇಪ್ಪತ್ತೊಂದು ದಿನದ ಹಸಿವು, ಪಾಪ. ನುಂಗಿ ಮುಗಿಸಲಿ ಅಂತ ಗುಡ್ಡಪ್ಪ ಕೈಕಟ್ಟಿ ನಿಂತ. ರಾಜ ನುಂಗಿದ, ಮತ್ತೆ ತುಂಬಿಕೊಂಡ. ನುಂಗಿದ, ತುಂಬಿಕೊಂಡ. ಹೊತ್ತು ಮುಳುಗಿತು, ಎಲ್ಲರ ಬಾಯಿ ಮುಚ್ಚಿತು. ಎರಡನೆಯ ಸರದಿಗೂ ಹೀಗೇ ಆಯಿತು.

ಮೂರನೆಯ ಸರದಿಗೆ ಗುಡ್ಡಪ್ಪ ಆಸೆ ಬಿಟ್ಟು, ಸಂಜೆಗೆ ಮುಂಚೆ ಮನೆಗೆ ಓಡಿಬಂದ. ಬಾಗಿಲಲ್ಲಿ ಪಕ್ಕದ ಮನೆಯ ಸಾವಂತ್ರಕ್ಕ ತಡೆದಳು. "ಮೂರು ಸರದಿಯಿಂದ ಬಾಯಿ ತೆರೆದ ದಿನವೂ ನಿನ್ನ ಹೆಂಡತಿ ಒಂದು ತುತ್ತು ಮುಟ್ಟಿಲ್ಲ ಕಣಪ್ಪ. ದಿನವಿಡೀ ನಿನ್ನ ಖಾಲಿ ಚಾಪೆಗೆ ಹೇಳ್ತಾ ಕೂತಿರ್ತಾಳೆ. ಏನು ಹೇಳ್ತಾಳೆ ಅಂದ್ರೆ..."

ಹೊತ್ತು ಮುಳುಗಿತು.

ಒಳಗೆ ಕೆಂಚವ್ವ ಅವನನ್ನು ನೋಡಿದಳು. ಬಾಯಿ ಬಿಗಿದಿತ್ತು. ಗುಡ್ಡಪ್ಪ ಅವಳ ಕೈ ಹಿಡಿದು ದಿನ ಎಣಿಸುತ್ತಾ ಕೂತ. ಹತ್ತೊಂಬತ್ತನೆಯ ದಿನ, ಮೂಗಿನ ಮೂಳೆಯ ಸರದಿಯಂದು, ಅವಳು ತೀರಿಕೊಂಡಳು.

ಇಪ್ಪತ್ತೆರಡನೆಯ ದಿನ ಗುಡ್ಡಪ್ಪ ಅರಮನೆಗೆ ಹೋಗಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಮನೆಯಲ್ಲೇ ಕೂತು, "ಹೇಳೇ, ಈಗ ಬಿಡುವಾಗಿದೀನಿ" ಅನ್ನುತ್ತಿದ್ದ.

ನೀತಿ ಏನಪ್ಪಾ ಅಂದರೆ, ಬಾಯಿ ತೆರೆಯುವ ದಿನ ಮನೆಯಲ್ಲಿರಿ. ನನ್ನ ದವಡೆಗೂ ಹೊತ್ತಾಯಿತು, ಏಳಿ.